ಹಳೆ ಗಾಡಿ ಮಾರುತ್ತೀರಾ? ಆರ್‌ಸಿಯಲ್ಲಿ ಹೆಸರು ಬದಲಾಗುವ ತನಕ ಅದು ನಿಮ್ಮದೇ

ಈ ವರ್ಷ ತೊಗರಿ ರಾಶಿ ಮುಗಿಯುವ ಹೊತ್ತಿಗೆ ನನ್ನ ಸ್ಪ್ಲೆಂಡರ್ ಪ್ಲಸ್ ಮಾರಿದೆ. 2010ರ ದಸರಾಕ್ಕೆ ತಂದ ಗಾಡಿ. ಟ್ಯಾಂಕಿನ ಮೇಲೆ ಹೀರೋ ಹೋಂಡಾ ಅನ್ನೋ ಹೆಸರು ಇನ್ನೂ ಹಾಗೇ ಇತ್ತು. ಹದಿನೈದು ವರ್ಷ ಕಲಬುರಗಿಯ ಬಿಸಿಲು, ಮಳೆಗಾಲದ ಎರೆಮಣ್ಣು, ಸೇಡಂ ರಸ್ತೆಯ ಧೂಳು ಎಲ್ಲವನ್ನೂ ತಡೆದುಕೊಂಡು 87 ಸಾವಿರ ಕಿಲೋಮೀಟರ್ ಓಡಿತ್ತು. 20,500 ರೂಪಾಯಿಗೆ ಕೊಟ್ಟೆ. ಹದಿನೆಂಟನೇ ದಿನಕ್ಕೆ ಆರ್‌ಸಿ ಹೊಸಬರ ಹೆಸರಿಗೆ ಆಯಿತು.

ಈ ಸಲ ಒಂದೊಂದೇ ಕೆಲಸ ಸರಿಯಾಗಿ ಮಾಡಿದೆ. ಯಾಕಂದ್ರೆ ಅದಕ್ಕೂ ಹಿಂದಿನ ಗಾಡಿ ಮಾರಿದಾಗ ಮಾಡಿರಲಿಲ್ಲ. ಆಗ ಹೊಸ ಗಾಡಿ ಬರುವ ಖುಷಿ. ಹಳೆಯದನ್ನು ಏಜೆಂಟರೊಬ್ಬರ ಕೈಗೆ 9 ಸಾವಿರಕ್ಕೆ ಒಪ್ಪಿಸಿದೆ. ‘ಸರ್, ಇಲ್ಲಿ ಎರಡು ಕಡೆ ಸಹಿ ಹಾಕ್ರಿ ಸಾಕು, ಮುಂದಿಂದು ನಾ ನೋಡ್ಕೋತೀನಿ’ ಅಂದರು. ಖಾಲಿ ಫಾರ್ಮಿಗೆ ಸಹಿ ಹಾಕಿ, ಆರ್‌ಸಿ ಕೊಟ್ಟು, ಹಣ ಎಣಿಸಿಕೊಂಡು ಬಂದೆ. ಗಾಡಿ ಯಾರ ಕೈಗೆ ಹೋಗುತ್ತದೆ ಅಂತಲೂ ಕೇಳಲಿಲ್ಲ.

ಮೂರು ವರ್ಷ ಆದ ಮೇಲೆ ಬೇರೆ ಜಿಲ್ಲೆಯ ಪೊಲೀಸ್ ಠಾಣೆಯಿಂದ ಫೋನ್ ಬಂತು. ಗಾಡಿ ದಾರಿಯಲ್ಲಿ ನಡೆದು ಹೋಗುತ್ತಿದ್ದ ಮುದುಕರೊಬ್ಬರಿಗೆ ಬಡಿದು ಅವರ ಕಾಲು ಮುರಿದಿತ್ತು. ಓಡಿಸುತ್ತಿದ್ದ ಹುಡುಗನ ಮುಖ ನಾನು ನೋಡಿಲ್ಲ. ಇನ್ಶೂರೆನ್ಸ್ ಮುಗಿದು ಎರಡು ವರ್ಷ ಆಗಿತ್ತು. ಆರ್‌ಸಿಯಲ್ಲಿ ಮಾತ್ರ ನನ್ನ ಹೆಸರೇ ಇತ್ತು. ಪರಿಹಾರದ ಕೇಸಿನ ನೋಟಿಸ್ ನೇರ ಮನೆಗೆ ಬಂತು. ವಕೀಲರ ಫೀಸು, ಕೋರ್ಟಿನ ಓಡಾಟ ಆಗಿ, ಕೊನೆಗೆ ರಾಜಿಯಲ್ಲಿ 60 ಸಾವಿರ ಕೊಟ್ಟೆ. ಆ ಹಿರಿಯರಿಗೆ ಹಣ ಸಿಕ್ಕಿದ್ದಕ್ಕೆ ನನಗೆ ಬೇಸರವಿಲ್ಲ, ಅವರದೇನು ತಪ್ಪಿತ್ತು? ಆದರೆ ಒಂದು ದಿನ ಆರ್‌ಟಿಒ ಕಚೇರಿಗೆ ಹೋಗಿ ಬಂದಿದ್ದರೆ ಇದ್ಯಾವುದೂ ನನ್ನ ಮನೆಯ ಬಾಗಿಲಿಗೆ ಬರುತ್ತಿರಲಿಲ್ಲ.

ಕಾನೂನು ಈ ವಿಷಯದಲ್ಲಿ ಬಹಳ ಸ್ಪಷ್ಟ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಯಾರ ಹೆಸರಿನಲ್ಲಿ ನೋಂದಣಿ ಇದೆಯೋ ಅವರೇ ಮಾಲೀಕರು. 2018ರ ಫೆಬ್ರುವರಿಯಲ್ಲಿ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಅಲ್ಲಿ ಕಾರು ಒಬ್ಬರಿಂದ ಒಬ್ಬರಿಗೆ ಕೈ ಬದಲಿಸುತ್ತಾ ಹೋಗಿತ್ತು. ದಾಖಲೆಯಲ್ಲಿ ಮಾತ್ರ ಮೊದಲ ಮಾಲೀಕರ ಹೆಸರೇ ಉಳಿದಿತ್ತು. ಅಪಘಾತದ ಪರಿಹಾರ ಅವರ ಮೇಲೆಯೇ ಬಿತ್ತು. ಕಾರಿಗೆ ಒಂದು ಕಾನೂನು, ಬೈಕಿಗೆ ಇನ್ನೊಂದು ಅಂತ ಇಲ್ಲ. ಹಾಗಾಗಿ ಕೆಳಗೆ ಬರೆದಿರುವ ಪ್ರತಿ ಹೆಜ್ಜೆಯೂ ಕೊನೆಗೆ ಹೋಗಿ ಸೇರುವುದು ಹೆಸರು ಬದಲಾವಣೆಗೇ.

ಮೊದಲ ಹೆಜ್ಜೆ: ಗಾಡಿಗಿಂತ ಮೊದಲು ಆರ್‌ಸಿ ನೋಡಿ

ಹಳೆ ಗಾಡಿಯ ಆರ್‌ಸಿ ನಾವು ಓದಿರುವುದೇ ಕಮ್ಮಿ. ಪೊಲೀಸರು ಕೇಳಿದಾಗ ತೆಗೆದು ತೋರಿಸಿ ಮತ್ತೆ ಪಾಕೀಟಿಗೆ ಸೇರಿಸಿರುತ್ತೇವೆ. ಮಾರುವ ವಿಚಾರ ಬಂದ ದಿನವೇ ಅದನ್ನು ಬೆಳಕಿಗೆ ಹಿಡಿದು ಓದಿ.

ಮೊದಲು ನೋಂದಣಿ ಯಾವತ್ತಿನ ತನಕ ಇದೆ ನೋಡಿ. ಸ್ವಂತ ಬಳಕೆಯ ಗಾಡಿಗೆ ನೋಂದಣಿ 15 ವರ್ಷ. ಆಮೇಲೆ ಫಾರ್ಮ್ 25 ಕೊಟ್ಟು, ಗಾಡಿ ತೋರಿಸಿ, ಐದೈದು ವರ್ಷಕ್ಕೆ ನವೀಕರಣ ಮಾಡಿಸಬೇಕು. ಅವಧಿ ಮುಗಿಯುವ 60 ದಿನ ಮೊದಲೇ ಅರ್ಜಿ ಹಾಕಬಹುದು. 15 ವರ್ಷ ದಾಟಿದ, ಆದರೆ 20 ವರ್ಷ ಮೀರದ ಬೈಕಿಗೆ 2022ರ ಏಪ್ರಿಲ್‌ನಿಂದ ನವೀಕರಣದ ಶುಲ್ಕ ಸಾವಿರ ರೂಪಾಯಿ ಆಗಿದೆ. ಅದರ ಮೇಲೆ ಹಸಿರು ತೆರಿಗೆ ಇದೆ. ತಡ ಮಾಡಿದರೆ ದಂಡವೂ ಸೇರುತ್ತದೆ. ನನ್ನ ಗಾಡಿಯದು 2025ರ ಅಕ್ಟೋಬರ್‌ಗೆ ಮುಗಿಯುವುದಿತ್ತು, ಸೆಪ್ಟೆಂಬರ್‌ನಲ್ಲೇ ಮಾಡಿಸಿಕೊಂಡೆ. ನವೀಕರಣ ಆಗದ ಗಾಡಿಗೆ ಹೆಸರು ಬದಲಾವಣೆ ಆಗುವುದಿಲ್ಲ, ಅದನ್ನು ರಸ್ತೆಗೆ ಇಳಿಸುವುದೂ ತಪ್ಪು. ಕೊಳ್ಳುವವರು ಕೂಡ ಅದನ್ನು ಗುಜರಿ ಲೆಕ್ಕದಲ್ಲೇ ಕೇಳುತ್ತಾರೆ.

ಇಲ್ಲೊಂದು ಮಾತು ಹೇಳಬೇಕು. ‘15 ವರ್ಷ ಆಯ್ತು ಅಂದ್ರ ಗಾಡಿ ಗುಜರಿಗೇ ಹೋಗಬೇಕಂತ’ ಅಂತ ನಮ್ಮ ಕಡೆ ಬಹಳ ಜನ ನಂಬಿದ್ದಾರೆ. ಆ ಕಟ್ಟುನಿಟ್ಟು ದೆಹಲಿ ಸುತ್ತಮುತ್ತಲಿನದು. ನಮ್ಮಲ್ಲಿ ಫಿಟ್ ಇದ್ದು ನವೀಕರಣ ಆದ ಗಾಡಿ ಧಾರಾಳವಾಗಿ ಓಡಬಹುದು, ಮಾರಬಹುದು. ಈ ಹೆದರಿಕೆಯಲ್ಲೇ ಎಷ್ಟೋ ಜನ ಒಳ್ಳೆ ಗಾಡಿಗಳನ್ನು ಮೂರು ನಾಲ್ಕು ಸಾವಿರಕ್ಕೆ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಎರಡನೆಯದು ಸಾಲದ ಗುರುತು. ಗಾಡಿಯನ್ನು ಕಂತಿನಲ್ಲಿ ತಂದಿದ್ದರೆ, ಕಂತು ಮುಗಿದು ಹತ್ತು ವರ್ಷ ಆಗಿದ್ದರೂ ಆರ್‌ಸಿಯಲ್ಲಿ ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿಯ ಹೆಸರು ಹಾಗೇ ಕೂತಿರುತ್ತದೆ. ಸಾಲ ತೀರಿದ ಕೂಡಲೇ ಅದು ತಾನಾಗಿ ಹೋಗುವುದಿಲ್ಲ. ಅವರಿಂದ ಎನ್‌ಒಸಿ, ಅಂದರೆ ತಮ್ಮ ಆಕ್ಷೇಪಣೆ ಇಲ್ಲ ಅನ್ನುವ ಪತ್ರ ತಂದು, ಫಾರ್ಮ್ 35 ತುಂಬಿ ತೆಗೆಸಬೇಕು. ಆಗಿನ ಕಾಲದ ಎನ್‌ಒಸಿ ಪೆಟ್ಟಿಗೆಯಲ್ಲಿ ಸಿಕ್ಕರೂ ಹೊಸದನ್ನು ತನ್ನಿ ಅಂತ ಹೇಳುತ್ತಾರೆ. ಫೈನಾನ್ಸ್ ಕಂಪನಿ ಊರಿಂದ ಶಾಖೆ ಎತ್ತಿಕೊಂಡು ಹೋಗಿದ್ದರೆ ಈ ಒಂದು ಕೆಲಸಕ್ಕೇ ತಿಂಗಳು ಹಿಡಿಯಬಹುದು. ಅದಕ್ಕೇ ಇದನ್ನು ಮೊದಲೇ ನೋಡಿ ಅಂತ ಹೇಳುವುದು.

ಮೂರನೆಯದು ಹೆಸರು, ವಿಳಾಸ. ನನ್ನ ಆರ್‌ಸಿಯಲ್ಲಿ ಊರಿನ ಹೆಸರು ಗುಲ್ಬರ್ಗಾ ಅಂತ ಇತ್ತು, ಆಧಾರ್‌ನಲ್ಲಿ ಕಲಬುರಗಿ. 2014ರ ನವೆಂಬರ್ 1ಕ್ಕೆ ಊರಿನ ಹೆಸರು ಬದಲಾಗಿದ್ದು ಎಲ್ಲರಿಗೂ ಗೊತ್ತು, ಅದರಿಂದ ತೊಂದರೆ ಆಗಲಿಲ್ಲ. ತೊಂದರೆ ಆಗುವುದು ನಿಮ್ಮ ಹೆಸರಿನಲ್ಲಿ. ಆರ್‌ಸಿಯಲ್ಲಿ ಅಪ್ಪನ ಹೆಸರು ಮೊದಲು, ಆಧಾರ್‌ನಲ್ಲಿ ಅಡ್ಡಹೆಸರು ಮೊದಲು, ಇನಿಷಿಯಲ್ ಒಂದು ಕಡೆ ಇದೆ, ಇನ್ನೊಂದು ಕಡೆ ಇಲ್ಲ. ಹೀಗಿದ್ದರೆ ಆನ್‌ಲೈನ್ ಅರ್ಜಿ ಅಲ್ಲೇ ನಿಲ್ಲುತ್ತದೆ. ಜೊತೆಗೆ ಮೊಬೈಲ್ ನಂಬರ್. 2010ರಲ್ಲಿ ಕೊಟ್ಟ ನಂಬರ್ ಈಗ ಯಾರ ಹತ್ತಿರ ಇದೆಯೋ! ಒಟಿಪಿ ಅದಕ್ಕೇ ಹೋಗುತ್ತದೆ. ವಾಹನ ದಾಖಲೆಗಳ ಸರ್ಕಾರಿ ವೆಬ್‌ಸೈಟ್ ಆದ ಪರಿವಾಹನ್ ಪೋರ್ಟಲ್‌ನಲ್ಲಿ ನಿಮ್ಮ ಈಗಿನ ನಂಬರ್ ಸೇರಿಸಿಬಿಡಿ.

ಗಾಡಿ ತೀರಿಹೋದ ತಂದೆಯ ಹೆಸರಿನಲ್ಲೋ ಅಣ್ಣನ ಹೆಸರಿನಲ್ಲೋ ಇದ್ದರೆ ನೇರವಾಗಿ ಮಾರಲು ಬರುವುದಿಲ್ಲ. ಮೊದಲು ಫಾರ್ಮ್ 31ರ ಮೂಲಕ ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಬೇಕು.

ಉಳಿದವು ಬೇಗ ಮುಗಿಯುವ ಕೆಲಸ. 2019ರ ಏಪ್ರಿಲ್ 1ಕ್ಕಿಂತ ಮೊದಲಿನ ಗಾಡಿಯಾದರೆ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಹಾಕಿಸಿ, ಅದಿಲ್ಲದೆ ಹೆಸರು ಬದಲಾವಣೆಗೆ ಹೋದರೆ ತಿರುಗಿ ಬರಬೇಕಾಗುತ್ತದೆ. ಹೊಗೆ ಪರೀಕ್ಷೆಯ ಸರ್ಟಿಫಿಕೇಟ್ ಹಳೆ ಗಾಡಿಗೆ ಆರು ತಿಂಗಳಿಗೊಮ್ಮೆ ಬೇಕು, ಬಿಎಸ್4 ಅನ್ನುವ ಹೊಗೆ ಮಾನದಂಡದ ಮತ್ತು ಅದರ ನಂತರದ ಗಾಡಿಗೆ ವರ್ಷಕ್ಕೊಮ್ಮೆ. ಬಾಕಿ ಚಲನ್ ಇದ್ದರೆ ಕಟ್ಟಿ. ಜಗತ್ ವೃತ್ತದ ಸಿಗ್ನಲ್ ದಾಟಿದ್ದು, ಹೆಲ್ಮೆಟ್ ಇಲ್ಲದೆ ತಮ್ಮ ಹೋಗಿದ್ದು, ನಮಗೆ ಗೊತ್ತೇ ಇಲ್ಲದ್ದು ಎಲ್ಲಾ ಅಲ್ಲಿ ಇರುತ್ತದೆ. ಇನ್ಶೂರೆನ್ಸ್ ಚಾಲ್ತಿಯಲ್ಲಿರಲಿ. ‘ಹೆಂಗೂ ಮಾರೋದು, ಯಾಕೆ ಕಟ್ಟೋದು’ ಅನ್ನಬೇಡಿ. ಗಾಡಿ ನೋಡಲು ಬಂದವರು ಓಡಿಸಿ ನೋಡುವಾಗ ಬಿದ್ದರೂ ಹೊಣೆ ನಿಮ್ಮದೇ.

ಎರಡನೇ ಹೆಜ್ಜೆ: ಚೆನ್ನಾಗಿ ತೊಳೆಯಿರಿ, ಸುಮ್ನೆ ಬಣ್ಣ ಹೊಡೆಸಬೇಡಿ

ನಮ್ಮ ಕಡೆಯ ಗಾಡಿಗೆ ಮೊದಲ ಶತ್ರು ಎರೆಮಣ್ಣು. ಮಳೆಗಾಲದಲ್ಲಿ ಹೊಲದ ದಾರಿಗೆ ಇಳಿದ ಗಾಡಿಯ ಮಡ್‌ಗಾರ್ಡ್ ಒಳಗೆ ಕೈ ಹಾಕಿ ನೋಡಿ. ಒಣಗಿ ಕಲ್ಲಾದ ಮಣ್ಣು ಬೆರಳಿಗೆ ಸಿಗುತ್ತದೆ. ಅದರ ಹಿಂದೆ ತುಕ್ಕು. ಹಿಂದಿನ ರಾತ್ರಿ ಒದ್ದೆ ಗೋಣಿಚೀಲ ಹೊದಿಸಿಟ್ಟು ಬೆಳಿಗ್ಗೆ ಕೆರೆದರೆ ಹೆಂಟೆ ಹೆಂಟೆಯಾಗಿ ಬೀಳುತ್ತದೆ. ಆಮೇಲೆ ವಾಟರ್ ಸರ್ವಿಸ್ ಮಾಡಿಸಿ. ಜೋರು ನೀರು ಕಾರ್ಬುರೇಟರ್ ಮೇಲೆ, ಸ್ವಿಚ್ ಮೇಲೆ ನೇರ ಬಿಡದಂತೆ ಹುಡುಗನಿಗೆ ಹೇಳಿ. ಇಲ್ಲದಿದ್ದರೆ ಚೆನ್ನಾಗಿದ್ದ ಗಾಡಿ ಮರುದಿನ ಕಿಕ್ಕಿಗೆ ಏಳುವುದಿಲ್ಲ.

ಚಾಸಿ ನಂಬರ್, ಎಂಜಿನ್ ನಂಬರ್ ಇರುವ ಜಾಗವನ್ನು ಸೀಮೆಎಣ್ಣೆ ಅಥವಾ ಡೀಸೆಲ್ ಬಟ್ಟೆಯಿಂದ ಒರೆಸಿ. ಸ್ಪ್ಲೆಂಡರ್‌ನಲ್ಲಿ ಚಾಸಿ ನಂಬರ್ ಹ್ಯಾಂಡಲ್ ಕೆಳಗಿನ ಕಬ್ಬಿಣದ ಮೇಲೆ ಕೊರೆದಿರುತ್ತದೆ. ಹದಿನೈದು ವರ್ಷದ ಗ್ರೀಸು, ಧೂಳು ಅದರ ಮೇಲೆ ರೊಟ್ಟಿಯ ಪದರದ ಹಾಗೆ ಕೂತಿರುತ್ತದೆ. ಉಜ್ಜುತ್ತಾ ಹೋದರೆ ಒಂದೊಂದೇ ಅಕ್ಷರ ಹೊರಗೆ ಬರುತ್ತದೆ. ಅದನ್ನು ಆರ್‌ಸಿ ಜೊತೆ ಇಟ್ಟು ತಾಳೆ ನೋಡಿ. ಅದರ ಮೇಲೆ ಬಿಳಿ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಿಟ್ಟುಕೊಳ್ಳಿ. ಆರ್‌ಟಿಒದಲ್ಲಿ ಕೇಳಿದಾಗ ಅಲ್ಲಿ ನಿಂತು ಉಜ್ಜುವುದು ತಪ್ಪುತ್ತದೆ.

ರಿಪೇರಿ ಎಷ್ಟು ಮಾಡಿಸಬೇಕು? ನನ್ನ ಲೆಕ್ಕ ಸರಳ. ಸಣ್ಣ ಖರ್ಚಿನಲ್ಲಿ ನಂಬಿಕೆ ಹುಟ್ಟಿಸುವುದನ್ನು ಮಾಡಿಸಿ, ದೊಡ್ಡದನ್ನು ಬಿಟ್ಟು ಬೆಲೆಯಲ್ಲಿ ಕಮ್ಮಿ ಮಾಡಿ. ಬ್ರೇಕ್ ಶೂ, ಕ್ಲಚ್ ವೈರ್, ಆಕ್ಸಿಲರೇಟರ್ ವೈರ್, ಹಾರ್ನ್, ಇಂಡಿಕೇಟರ್ ಬಲ್ಬ್, ಪ್ಲಗ್, ಎಂಜಿನ್ ಆಯಿಲ್ ಇವೆಲ್ಲ ಮಾಡಿಸಬೇಕಾದ್ದು. ಬೋರ್ ಮಾಡಿಸುವುದು, ಟ್ಯಾಂಕಿಗೆ ಹೊಸ ಬಣ್ಣ, ಎರಡೂ ಟೈರ್ ಹೊಸದು, ಇವುಗಳ ಹಣ ಹಳೆ ಗಾಡಿಯಲ್ಲಿ ತಿರುಗಿ ಬರುವುದಿಲ್ಲ. ಹೊಸ ಬಣ್ಣ ನೋಡಿದರೆ ‘ಎಲ್ಲೋ ಬಿದ್ದದ್ದು ಇರಬೇಕು’ ಅಂತಲೇ ಜನ ಅಂದುಕೊಳ್ಳುತ್ತಾರೆ. ಅದು ಸರಿಯಾದ ಅನುಮಾನವೇ.

ಎಂಜಿನ್ ಸದ್ದು ಮುಚ್ಚಲು ದಪ್ಪ ಆಯಿಲ್ ಹಾಕುವುದು, ಕಿಲೋಮೀಟರ್ ಹಿಂದಕ್ಕೆ ತಿರುಗಿಸುವುದು, ಇಂಥ ಸಲಹೆ ಕೊಡುವವರು ಸಿಗುತ್ತಾರೆ. ಕಿವಿಗೇ ಹಾಕಿಕೊಳ್ಳಬೇಡಿ. ಕೊಳ್ಳುವವರು ದುಡಿದ ದುಡ್ಡು ತಂದಿರುತ್ತಾರೆ, ಅದರ ಮೇಲೆ ಅವರ ಮಗಳೋ ಹೆಂಡತಿಯೋ ಕೂತು ಹೋಗುತ್ತಾರೆ.

ಮೂರನೇ ಹೆಜ್ಜೆ: ಬೆಲೆ ಮತ್ತು ಹೊತ್ತು

ಬೆಲೆಗೆ ಪುಸ್ತಕದ ಲೆಕ್ಕ ಇಲ್ಲ. ಮೂರು ಕಡೆ ಕೇಳಿ. ನಿಮ್ಮ ಗಾಡಿಯನ್ನು ವರ್ಷಗಟ್ಟಲೆ ನೋಡಿರುವ ಮೆಕ್ಯಾನಿಕ್ ಎಷ್ಟು ಹೇಳುತ್ತಾರೆ? ಹಳೆ ಗಾಡಿ ಮಾರುವ ಅಂಗಡಿಯವರು ಎಷ್ಟಕ್ಕೆ ಕೇಳುತ್ತಾರೆ? ಅದೇ ಅಂಗಡಿಯಲ್ಲಿ ಅಂಥದ್ದೇ ಗಾಡಿಯನ್ನು ಎಷ್ಟಕ್ಕೆ ಮಾರುತ್ತಿದ್ದಾರೆ? ಅವರು ಕೊಳ್ಳುವ ಬೆಲೆ, ಮಾರುವ ಬೆಲೆ ಎರಡರ ನಡುವೆ ನಿಮ್ಮದು. ನನಗೆ ಅಂಗಡಿಯವರು 15 ಸಾವಿರ ಕೇಳಿದರು, ಅಂಥದ್ದೇ ಗಾಡಿ ಅಲ್ಲಿ 25 ಸಾವಿರಕ್ಕೆ ನಿಂತಿತ್ತು. ನಾನು 23 ಹೇಳಿದೆ.

ಹೊಸ ಗಾಡಿಯ ಬೆಲೆಯನ್ನೂ ಒಮ್ಮೆ ಕೇಳಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ತನಕದ ಬೈಕುಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದು ಹೊಸ ಗಾಡಿ ಅಗ್ಗವಾಯಿತು. ಹೊಸದು ಇಳಿದರೆ ಹಳೆಯದೂ ಇಳಿಯುತ್ತದೆ. ‘ಹೋದ ವರ್ಷ ನಮ್ಮ ಮಾವ 28ಕ್ಕೆ ಮಾರಿದ್ದ’ ಅನ್ನುವ ಲೆಕ್ಕ ಹಿಡಿದು ಕೂತರೆ ಗಾಡಿ ಅಂಗಳದಲ್ಲೇ ಉಳಿಯುತ್ತದೆ.

ನಮ್ಮ ಕಡೆ ಹೊತ್ತು ನೋಡಿ ಮಾರುವುದರಲ್ಲಿ ಅರ್ಥ ಇದೆ. ಎಳ್ಳಮಾಸೆ ಕಳೆದು, ತೊಗರಿ ರಾಶಿಯಾಗಿ ಗಂಜ್‌ಗೆ ಮಾಲು ಬಂದು ರೈತರ ಕೈಯಲ್ಲಿ ನಾಲ್ಕು ಕಾಸು ಆಡುವ ಜನವರಿ, ಫೆಬ್ರುವರಿ ಒಳ್ಳೆಯ ಕಾಲ. ಶರಣಬಸವೇಶ್ವರ ಜಾತ್ರೆಯ ತನಕ ವಿಚಾರಿಸುವವರು ಇರುತ್ತಾರೆ. ಜೂನ್‌ನಲ್ಲಿ ಹಣವೆಲ್ಲ ಬೀಜ, ಗೊಬ್ಬರಕ್ಕೆ ಹೋಗುತ್ತದೆ, ರೈತರು ಗಾಡಿ ಕೇಳುವುದಿಲ್ಲ. ಆದರೆ ಆಗ ಕಾಲೇಜು ಹುಡುಗರು ಸಿಗುತ್ತಾರೆ. ಪಿಡಿಎ ಕಾಲೇಜಿಗೆ ಬರುವವರು, ಆಳಂದ ರಸ್ತೆಯಲ್ಲಿ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಹೋಗಿ ಬರುವವರು ಮೈಲೇಜ್ ಕೊಡುವ ಹಳೆ ಗಾಡಿಯನ್ನೇ ಹುಡುಕುತ್ತಾರೆ. ದಸರಾ, ದೀಪಾವಳಿಗೆ ಮಾತ್ರ ಮಾರಲು ಹೋಗಬೇಡಿ. ಊರೆಲ್ಲ ಹೊಸ ಗಾಡಿ ತಂದು ಹಳೆಯದನ್ನು ಬಿಡುವ ಹೊತ್ತು ಅದು.

ನಾಲ್ಕನೇ ಹೆಜ್ಜೆ: ಯಾರಿಗೆ ಕೊಡಬೇಕು

ನನ್ನನ್ನು ಕೇಳಿದರೆ, ಮತ್ತೆ ಹುಡುಕಿದರೆ ಮನೆ ಸಿಗುವವರಿಗೆ ಕೊಡಿ. ಸಾವಿರ ಕಮ್ಮಿ ಆದರೂ ಪರವಾಗಿಲ್ಲ. ಹಾಲು ಹಾಕುವವರು, ಕಿರಾಣಿ ಅಂಗಡಿಯವರು, ಮೆಕ್ಯಾನಿಕ್, ಇವರಿಗೆ ಒಂದು ಮಾತು ಹೇಳಿಡಿ. ನನ್ನ ಗಾಡಿಗೆ ಗಿರಾಕಿ ಸಿಕ್ಕಿದ್ದು ಮೆಕ್ಯಾನಿಕ್ ಅಂಗಡಿಯಲ್ಲಿ ಬಾಯಿಂದ ಬಾಯಿಗೆ ಹೋದ ಸುದ್ದಿಯಿಂದ.

ಆನ್‌ಲೈನ್‌ನಲ್ಲಿ ಹಾಕುವುದಾದರೆ ಹಾಕಿ, ಆದರೆ ಎಚ್ಚರ ಬೇಕು. ಫೋಟೋದಲ್ಲಿ ನಂಬರ್ ಪ್ಲೇಟ್ ಮುಚ್ಚಿ. ಆರ್‌ಸಿ, ಆಧಾರ್ ಫೋಟೋಗಳನ್ನು ಗುರುತಿಲ್ಲದವರಿಗೆ ವಾಟ್ಸ್ಆ್ಯಪ್ ಮಾಡಬೇಡಿ. ಗಾಡಿ ನೋಡದೆಯೇ ‘ನಾನು ಮಿಲಿಟರಿಯಲ್ಲಿದ್ದೇನೆ, ಈಗಲೇ ಹಣ ಕಳಿಸ್ತೀನಿ’ ಅಂತ ಕ್ಯೂಆರ್ ಕೋಡ್ ಕಳಿಸುವವರು ಮೋಸಗಾರರು. ಹಣ ಬರಬೇಕಾದರೆ ನೀವು ಪಿನ್ ಒತ್ತುವ ಅಗತ್ಯವೇ ಇಲ್ಲ. ಪಿನ್ ಒತ್ತಿದರೆ ಹೋಗುವುದು ನಿಮ್ಮ ಹಣ. ಕೈ ತಪ್ಪಿ ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಓಡಾಡಲು ಪುರಸೊತ್ತಿಲ್ಲ, ಅಂಗಡಿಗೇ ಕೊಡುತ್ತೇನೆ ಅಂದರೆ ಅದಕ್ಕೂ ಈಗ ಸರಿಯಾದ ದಾರಿ ಇದೆ. 2023ರ ಏಪ್ರಿಲ್ 1ರಿಂದ ಬಂದ ನಿಯಮದ ಪ್ರಕಾರ ಹಳೆ ವಾಹನದ ಡೀಲರ್ ಸಾರಿಗೆ ಇಲಾಖೆಯ ಅಧಿಕಾರಪತ್ರ ಪಡೆದಿರಬೇಕು. ನೀವು ಗಾಡಿ ಒಪ್ಪಿಸಿದ್ದನ್ನು ಫಾರ್ಮ್ 29ಸಿ ಮೂಲಕ ಇಲಾಖೆಗೆ ತಿಳಿಸಬೇಕು. ಆಮೇಲೆ ಗಾಡಿಯ ಹೊಣೆ ಡೀಲರ್ ಮೇಲೆ ಇರುತ್ತದೆ. ಅಂಗಡಿಯವರನ್ನು ‘29ಸಿ ಮಾಡ್ತೀರೇನ್ರಿ?’ ಅಂತ ನೇರ ಕೇಳಿ. ಅದರ ಬದಲು ಖಾಲಿ ಫಾರ್ಮ್ ಮುಂದಿಟ್ಟರೆ ಎದ್ದು ಬನ್ನಿ. ಷೋರೂಮಿನಲ್ಲಿ ಎಕ್ಸ್‌ಚೇಂಜ್‌ಗೆ ಕೊಡುವಾಗಲೂ ಇದೇ ಪ್ರಶ್ನೆ ಕೇಳಿ.

ಐದನೇ ಹೆಜ್ಜೆ: ನೋಡಲು ಬಂದಾಗ

ಆಳಂದ ರಸ್ತೆಯ ಹಳ್ಳಿಯೊಂದರಿಂದ ಒಬ್ಬ ಹಿರಿಯರು ಮಗನ ಜೊತೆ ಬಂದಿದ್ದರು. ಮಗ ಸೀಟು, ಮೀಟರು ನೋಡುತ್ತಿದ್ದ. ಅವರು ಏನೂ ಮಾತಾಡದೆ ಬಗ್ಗಿ ಎಂಜಿನ್ ಮೇಲೆ ಅಂಗೈ ಇಟ್ಟರು.

‘ಮುಂಜಾನೆ ಚಾಲೂ ಮಾಡೀರೇನ್ರಿ ಸಾಹೇಬ್ರ?’

‘ಇಲ್ಲ ಕಾಕಾ, ನೀವು ಬರ್ತೀರಿ ಅಂತ ಹಂಗೇ ಬಿಟ್ಟೀನಿ.’

ತಣ್ಣಗಿದೆ ಅಂತ ಖಾತ್ರಿ ಆದ ಮೇಲೆಯೇ ಕಿಕ್ ಹೊಡೆಯಲು ಮಗನಿಗೆ ಹೇಳಿದರು. ಚೋಕ್ ಎಳೆದು ಎರಡನೇ ಕಿಕ್ಕಿಗೆ ಎದ್ದಿತು. ಆಮೇಲೆ ಸೈಲೆನ್ಸರ್ ಬಾಯಿಗೆ ಸ್ವಲ್ಪ ದೂರದಲ್ಲಿ ಅಂಗೈ ಹಿಡಿದು, ತೆಗೆದು, ಮೂಸಿದರು. ಎಣ್ಣೆಯ ಪಸೆ ಇದೆಯೋ ಇಲ್ಲವೋ ನೋಡಿದ್ದು. ಪಿಸ್ಟನ್ ರಿಂಗ್ ಸವೆದ ಗಾಡಿ ನೀಲಿ ಹೊಗೆ ಬಿಡುತ್ತದೆ, ಕೈಗೆ ಎಣ್ಣೆ ಹತ್ತುತ್ತದೆ. ಮುಂದಿನ ಬ್ರೇಕ್ ಹಿಡಿದು ಗಾಡಿಯನ್ನು ಹಿಂದೆ ಮುಂದೆ ಅಲ್ಲಾಡಿಸಿದರು. ‘ಟಕ್’ ಅಂತು.

‘ಕೋನ್‌ಸೆಟ್ ಹೋಗ್ಯದ’ ಅಂದರು. ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್ ಅದು.

‘ಹೌದು ಕಾಕಾ, ಮೊದಲೇ ಹೇಳಾಂವ ಇದ್ದೆ. ಚೈನ್‌ಸೆಟ್ ಸೈತ ಬದಲಿ ಮಾಡ್ಬೇಕು.’

ಚೈನ್‌ಸೆಟ್ ಸವೆದಿದ್ದನ್ನು ನಾನೇ ತೋರಿಸಿದೆ. ಹಿಂದಿನ ಚಕ್ರದ ಹಲ್ಲಿನ ಹತ್ತಿರ ಚೈನ್ ಹಿಡಿದು ಹಿಂದಕ್ಕೆ ಎಳೆದರೆ ಹಲ್ಲು ಬಿಟ್ಟು ಎದ್ದು ಬರುತ್ತಿತ್ತು. ಸ್ಪೀಡೋಮೀಟರ್ ವೈರ್ ಒಮ್ಮೆ ಕಡಿದು ನಾಲ್ಕೈದು ತಿಂಗಳು ಹಾಗೇ ಓಡಿಸಿದ್ದೆ, ಅದರಿಂದ ಮೀಟರ್ ತೋರಿಸುವುದಕ್ಕಿಂತ ಎರಡು ಮೂರು ಸಾವಿರ ಕಿಲೋಮೀಟರ್ ಜಾಸ್ತಿಯೇ ಓಡಿದೆ ಅಂತಲೂ ಹೇಳಿದೆ. ಇದನ್ನು ಕೇಳಿ ಅವರು ಮೊದಲ ಬಾರಿ ನನ್ನ ಮುಖ ನೋಡಿದರು. ಆಮೇಲೆ ಮಾತು ಬೇಗ ಮುಗಿಯಿತು. ಇದ್ದ ದೋಷವನ್ನು ನೀವೇ ಮೊದಲು ಹೇಳಿಬಿಟ್ಟರೆ, ಇಲ್ಲದ ದೋಷ ಹುಡುಕುವುದನ್ನು ಎದುರಿಗಿದ್ದವರು ಬಿಡುತ್ತಾರೆ.

ಓಡಿಸಿ ನೋಡಲು ಕೊಡುವಾಗ ಲೈಸೆನ್ಸ್ ಕೇಳಿ ನೋಡಿ. ಹೆಲ್ಮೆಟ್ ಕೊಡಿ. ಹಿಂದೆ ನೀವೂ ಕೂತುಕೊಳ್ಳಿ, ಇಲ್ಲವೇ ಜೊತೆಗೆ ಬಂದವರು ನಿಮ್ಮ ಹತ್ತಿರವೇ ಇರಲಿ. ಒಬ್ಬರೇ ಬಂದು ‘ಒಂದ್ ರೌಂಡ್ ಹೊಡ್ಕೊಂಡ್ ಬರ್ತೀನಿ’ ಅಂದವರಿಗೆ ಕೀ ಕೊಡಬೇಡಿ.

ಚೌಕಾಸಿ ಇದ್ದದ್ದೇ. ‘ಲಾಸ್ಟ್ ಎಷ್ಟಕ್ಕ ಬಿಡ್ತೀರಿ?’ ಅಂತ ಗಾಡಿ ನೋಡದೆ ಫೋನಿನಲ್ಲಿ ಕೇಳುವವರಿಗೆ ಉತ್ತರ ಕೊಡಬೇಡಿ, ಬಂದು ನೋಡಿ ಅನ್ನಿ. ಎದುರು ಕೂತಾಗ, ಕೆಟ್ಟಿರುವ ಸಾಮಾನಿನ ಬೆಲೆಯನ್ನು ಮೆಕ್ಯಾನಿಕ್ ಹತ್ತಿರವೇ ಕೇಳಿ ಅಷ್ಟನ್ನು ಕಳೆಯಿರಿ. ನಾವು ಕೋನ್‌ಸೆಟ್, ಚೈನ್‌ಸೆಟ್, ಕೂಲಿ ಎಲ್ಲಾ ಸೇರಿಸಿ ಎರಡೂವರೆ ಸಾವಿರ ಬಿಟ್ಟೆವು. ಇಬ್ಬರಿಗೂ ಅದು ಕಣ್ಣಿಗೆ ಕಾಣುವ ಲೆಕ್ಕವಾಗಿತ್ತು, ಹಾಗಾಗಿ ಮನಸ್ಸು ಕಹಿಯಾಗಲಿಲ್ಲ.

ಆರನೇ ಹೆಜ್ಜೆ: ಬಯಾನಾ, ಹಣ, ಕಾಗದ

ಮಾತಾದ ಮೇಲೆ ಬಯಾನಾ, ಅಂದರೆ ಮುಂಗಡ ಹಣ ತೆಗೆದುಕೊಳ್ಳಿ. ಎಷ್ಟು ತಗೊಂಡಿರಿ, ಉಳಿದದ್ದು ಯಾವತ್ತು ಅಂತ ಒಂದು ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ನಗದಾದರೆ ಎಣಿಸಿ. ಫೋನ್‌ಪೇ, ಗೂಗಲ್‌ಪೇ ಆದರೆ ಅವರು ತೋರಿಸುವ ಹಸಿರು ಟಿಕ್ ನೋಡಿ ನಂಬಬೇಡಿ, ನಿಮ್ಮ ಖಾತೆಯಲ್ಲಿ ಹಣ ಸೇರಿದ್ದನ್ನು ನೋಡಿ.

ಗಾಡಿ ಒಪ್ಪಿಸುವ ದಿನದ ಪತ್ರವನ್ನು ಇ-ಸ್ಟ್ಯಾಂಪ್ ಕಾಗದದ ಮೇಲೆ ಮಾಡಿಸಿದರೆ ಒಳ್ಳೆಯದು. ಇಬ್ಬರ ಹೆಸರು, ವಿಳಾಸ, ಗಾಡಿ ನಂಬರ್, ಚಾಸಿ ಮತ್ತು ಎಂಜಿನ್ ನಂಬರ್, ಬೆಲೆ, ಇಬ್ಬರು ಸಾಕ್ಷಿಗಳು ಇರಲಿ. ಎಲ್ಲಕ್ಕಿಂತ ಮುಖ್ಯ ತಾರೀಖಿನ ಜೊತೆ ಗಂಟೆ. ‘ಬೆಳಿಗ್ಗೆ 11.30ಕ್ಕೆ ಗಾಡಿ ಒಪ್ಪಿಸಲಾಗಿದೆ’ ಅಂತ ಬರೆಸಿ. ಅದೇ ದಿನ ಸಂಜೆ ಏನಾದರೂ ಆದರೆ ಆ ಒಂದು ಸಾಲು ಕೆಲಸಕ್ಕೆ ಬರುತ್ತದೆ. ಕೊಳ್ಳುವವರ ಆಧಾರ್ ಪ್ರತಿ, ಫೋಟೋ ತೆಗೆದುಕೊಳ್ಳಿ. ನಿಮ್ಮ ಆಧಾರ್ ಪ್ರತಿ ಕೊಡುವಾಗ ಅದರ ಮೇಲೆ ಅಡ್ಡಲಾಗಿ ‘ಈ ಗಾಡಿಯ ಹೆಸರು ಬದಲಾವಣೆಗೆ ಮಾತ್ರ’ ಅಂತ ನಂಬರ್ ಸಮೇತ ಬರೆದು ಸಹಿ ಮಾಡಿ.

ಆದರೆ ಈ ಪತ್ರವೇ ಸಾಕು ಅಂತ ಕೂರಬೇಡಿ. ಹಣ ಕೊಟ್ಟವರು ಯಾರು, ತಗೊಂಡವರು ಯಾರು ಅನ್ನುವುದಕ್ಕಷ್ಟೇ ಅದು ಸಾಕ್ಷಿ. ಅಪಘಾತದಲ್ಲಿ ಪೆಟ್ಟು ತಿಂದವರ ಮುಂದೆ ಮಾಲೀಕರು ಯಾರು ಅನ್ನುವುದನ್ನು ಹೇಳುವುದು ಆರ್‌ಸಿ.

ಏಳನೇ ಹೆಜ್ಜೆ: ಹೆಸರು ಬದಲಾವಣೆ

ಕಾಯ್ದೆಯ 50ನೇ ಕಲಂ ಪ್ರಕಾರ ರಾಜ್ಯದೊಳಗೆ ಮಾರಿದರೆ, ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ. ಮಾರಿದವರ ತಿಳಿವಳಿಕೆಯ ಪತ್ರವೇ ಫಾರ್ಮ್ 29, ಎರಡು ಪ್ರತಿ. ಹೆಸರು ಬದಲಾವಣೆಯ ಅರ್ಜಿ ಫಾರ್ಮ್ 30, ಅದರಲ್ಲಿ ಇಬ್ಬರ ಸಹಿಯೂ ಇರುತ್ತದೆ. ಕೊಂಡವರ ಹೆಸರು, ವಿಳಾಸ, ತಾರೀಖು ತುಂಬಿದ ಮೇಲೆಯೇ ಸಹಿ ಹಾಕಿ. ಖಾಲಿ ಫಾರ್ಮಿಗೆ ಹಾಕಿದ ಸಹಿ ಖಾಲಿ ಚೆಕ್ಕಿಗೆ ಹಾಕಿದ ಸಹಿ ಇದ್ದ ಹಾಗೆ. ಇದನ್ನು ನಾನು ಹಣ ಕೊಟ್ಟು ಕಲಿತೆ.

ಪರಿವಾಹನ್ ಪೋರ್ಟಲ್‌ನಲ್ಲಿ ಗಾಡಿ ನಂಬರ್, ಚಾಸಿ ನಂಬರಿನ ಕೊನೆಯ ಐದು ಅಕ್ಷರ ಹಾಕಿ ಹೆಸರು ಬದಲಾವಣೆಯ ಅರ್ಜಿ ತೆರೆಯುತ್ತದೆ. ಕೊಂಡವರ ವಿವರ ತುಂಬಿ, ಶುಲ್ಕ ಕಟ್ಟಿ, ಫಾರ್ಮ್ ಪ್ರಿಂಟ್ ತೆಗೆದು, ಆರ್‌ಸಿ, ಇನ್ಶೂರೆನ್ಸ್, ಹೊಗೆ ಸರ್ಟಿಫಿಕೇಟ್, ಇಬ್ಬರ ಆಧಾರ್ ಸೇರಿಸಿ ಕಚೇರಿಗೆ ಕೊಡಬೇಕು. ಬೈಕಿಗೆ ಇದರ ಖರ್ಚು ಕೆಲವು ನೂರು ರೂಪಾಯಿ ಅಷ್ಟೇ. ಮನೆಯಲ್ಲಿ ಆಗದಿದ್ದರೆ ಹತ್ತಿರದ ಸೈಬರ್ ಅಂಗಡಿಯಲ್ಲಿ ತುಂಬಿಸಿ, ಆದರೆ ಪಕ್ಕದಲ್ಲೇ ಕೂತು ತುಂಬಿಸಿ. ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೂ ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ.

ನನ್ನ ಒತ್ತಾಯ ಇಷ್ಟೇ. ಕೊಳ್ಳುವವರ ಜೊತೆ ನೀವೂ ಒಂದು ದಿನ ರಜೆ ಹಾಕಿ ಆರ್‌ಟಿಒ ಕಚೇರಿಗೆ ಹೋಗಿ. ಸಾಧ್ಯವಾದರೆ ಅರ್ಜಿ ಕೊಟ್ಟ ಮೇಲೆಯೇ ಗಾಡಿ ಒಪ್ಪಿಸಿ. ನಾನು ಕಾಕಾ ಅವರಿಗೆ ಮೊದಲೇ ಹೇಳಿದ್ದೆ, ‘ಗಾಡಿ ನಿಮ್ಮದೇ, ಆದ್ರ ಕಾಗದ ಕೊಟ್ಟ ಮ್ಯಾಲೆ ಕೀ ಕೊಡ್ತೀನಿ’ ಅಂತ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಉಳಿದ ಹಣದಲ್ಲಿ ಎರಡು ಸಾವಿರವನ್ನು ಹೆಸರು ಆದ ಮೇಲೆ ಕೊಡುವಂತೆ ನಾನೇ ಹೇಳಿದೆ. ಇಬ್ಬರಿಗೂ ಆ ಕೆಲಸ ಮುಗಿಸುವ ಆಸಕ್ತಿ ಇರಲಿ ಅಂತ. ಅರ್ಜಿಯ ನಂಬರ್ ಇರುವ ರಸೀದಿಯ ಫೋಟೋ ತೆಗೆದುಕೊಳ್ಳಿ. ಫಾರ್ಮ್ 29ರ ಒಂದು ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಕೇಳಿ ಹಾಕಿಸಿಕೊಳ್ಳಿ.

ಕರ್ನಾಟಕದೊಳಗೆ ಎಲ್ಲಿಗೇ ಹೋದರೂ ಗಾಡಿಯ ನಂಬರ್ ಬದಲಾಗುವುದಿಲ್ಲ. ಕಲಬುರಗಿಯ ಕೆಎ 32 ಯಾದಗಿರಿಯಲ್ಲೂ ಬೀದರ್‌ನಲ್ಲೂ ಅದೇ ಇರುತ್ತದೆ.

ಗಡಿಯಾಚೆಯ ಗಿರಾಕಿಯಾದರೆ

ನಮ್ಮದು ಗಡಿ ಜಿಲ್ಲೆಗಳು. ಕಲಬುರಗಿಗೆ ಅಕ್ಕಲಕೋಟ, ತಾಂಡೂರಿನವರು ಬರುತ್ತಾರೆ, ಬೀದರ್‌ಗೆ ಜಹೀರಾಬಾದ್, ಉದಗೀರ್‌ನವರು, ಯಾದಗಿರಿಗೆ ನಾರಾಯಣಪೇಟೆಯವರು. ಬೆಲೆ ಚೆನ್ನಾಗಿಯೇ ಕೊಡುತ್ತಾರೆ. ಆದರೆ ಮಹಾರಾಷ್ಟ್ರಕ್ಕೋ ತೆಲಂಗಾಣಕ್ಕೋ ಗಾಡಿ ಹೋಗಬೇಕಾದರೆ ನಮ್ಮ ಆರ್‌ಟಿಒದಿಂದ ಫಾರ್ಮ್ 28ರ ಮೂಲಕ ಎನ್‌ಒಸಿ ತೆಗೆದುಕೊಡಬೇಕು. ಅಲ್ಲಿ ಅವರು ಆ ರಾಜ್ಯದ ತೆರಿಗೆ ಕಟ್ಟಿ ಹೊಸ ನಂಬರ್ ಪಡೆಯಬೇಕು. ಹದಿನೈದು ವರ್ಷದ ಗಾಡಿಗೆ ಇಷ್ಟೆಲ್ಲ ಖರ್ಚು ಮಾಡುವವರು ಕಮ್ಮಿ. ಹೆಚ್ಚಿನವರು ಕೆಎ ನಂಬರಿನಲ್ಲೇ, ನಿಮ್ಮ ಹೆಸರಿನಲ್ಲೇ ಹಳ್ಳಿಯಲ್ಲಿ ಓಡಿಸುತ್ತಾರೆ. ಎನ್‌ಒಸಿ ಮಾಡಿಸಲು ಒಪ್ಪದವರಿಗೆ ಎರಡು ಸಾವಿರ ಜಾಸ್ತಿ ಕೊಟ್ಟರೂ ಕೊಡಬೇಡಿ.

ಕೊನೆಯ ಹೆಜ್ಜೆ: ಮಾರಿದ ಮೇಲೆ

ಗಾಡಿ ಮಾರಿದ್ದನ್ನು ಇನ್ಶೂರೆನ್ಸ್ ಕಂಪನಿಗೆ ತಿಳಿಸಿ. ಕೊಂಡವರು 14 ದಿನದೊಳಗೆ ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಕ್ಲೇಮ್ ಮಾಡದೆ ವರ್ಷಗಟ್ಟಲೆ ಕಟ್ಟಿದ ಫುಲ್ ಪಾಲಿಸಿ ನಿಮ್ಮದಾಗಿದ್ದರೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ ಕೇಳಲು ಮರೆಯಬೇಡಿ. ಅದು ಗಾಡಿಯದಲ್ಲ, ನಿಮ್ಮದು. ಕಂಪನಿಯಿಂದ ಪತ್ರ ಪಡೆದರೆ ಮೂರು ವರ್ಷದೊಳಗೆ ನಿಮ್ಮ ಹೊಸ ಗಾಡಿಯ ಪಾಲಿಸಿಗೆ ಸೇರಿಸಬಹುದು. ಎದುರಿನವರ ನಷ್ಟಕ್ಕಷ್ಟೇ ಇರುವ ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಈ ಬೋನಸ್ ಇರುವುದಿಲ್ಲ.

ಕೊಡುವ ದಿನ ಸೈಡ್ ಬಾಕ್ಸ್, ಸೀಟಿನ ಕೆಳಗಿನ ಜಾಗ ಒಮ್ಮೆ ನೋಡಿ. ನನ್ನದರಲ್ಲಿ ಮಗಳ ಶಾಲೆಯ ಹಳೆ ಫೀಸ್ ರಸೀದಿ ಸಿಕ್ಕಿತು. ಎರಡೂ ಕೀ ಕೊಡಿ. ಟೂಲ್ ಕಿಟ್ ಇದ್ದರೆ ಅದನ್ನೂ ಕೊಡಿ. ಚಳಿಗಾಲದಲ್ಲಿ ಚೋಕ್ ಎಷ್ಟು ಹೊತ್ತು ಬೇಕು, ರಿಸರ್ವ್‌ಗೆ ಬಿದ್ದ ಮೇಲೆ ಎಷ್ಟು ದೂರ ಹೋಗುತ್ತದೆ, ಯಾವ ಮೆಕ್ಯಾನಿಕ್‌ಗೆ ಈ ಗಾಡಿಯ ಒಳಗು ಹೊರಗು ಗೊತ್ತು, ಇದನ್ನೆಲ್ಲ ಹೇಳಿ ಕಳಿಸಿ. ಕಾಕಾ ಅವರ ಮಗ ಇದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡ.

ಆಮೇಲೆ ವಾರಕ್ಕೊಮ್ಮೆ ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ ನೋಡುತ್ತಿರಿ. ತಿಂಗಳಾದರೂ ನಿಮ್ಮ ಹೆಸರೇ ಕಂಡರೆ ಅರ್ಜಿಯ ನಂಬರ್ ಹಿಡಿದು ಕಚೇರಿಗೆ ಹೋಗಿ ಕೇಳಿ, ಕೊಂಡವರಿಗೂ ಫೋನ್ ಮಾಡಿ. ನನಗೆ ಹದಿನೆಂಟನೇ ದಿನ ಸಂಜೆ ಮಾಲೀಕರ ಹೆಸರಿನ ಜಾಗದಲ್ಲಿ ಬೇರೆ ಅಕ್ಷರಗಳು ಕಂಡವು. ಅದರ ಸ್ಕ್ರೀನ್‌ಶಾಟ್ ತೆಗೆದು, ಮಾರಾಟದ ಪತ್ರ, ಫಾರ್ಮ್ 29ರ ಪ್ರತಿ, ರಸೀದಿ ಎಲ್ಲವನ್ನೂ ಒಂದು ಫೈಲಿನಲ್ಲಿ ಇಟ್ಟೆ. ಆ ರಾತ್ರಿಯೇ ಕಾಕಾ ಫೋನ್ ಮಾಡಿ, ಉಳಿದ ಎರಡು ಸಾವಿರ ಕಳಿಸಿದ್ದೇನೆ ನೋಡಿ ಅಂದರು. ಖಾತೆ ತೆರೆದು ನೋಡಿದೆ, ಬಂದಿತ್ತು.